ಸುಮ್ಮನೆ ಕೂತ ಶುಕ್ರವಾರ

ಫೆಬ್ರವರಿ 9, ಭಾನುವಾರ

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು, ಬೇಜಾರು ಮಾಡಿಕೋಬೇಡ. ಶಾಲೆಯ ಮಕ್ಕಳ ಸಮವಸ್ತ್ರ ಅಂತ ಹೊಲಿಗೆ ರಾಶಿ ಬಿದ್ದಿತ್ತು. ಮಿಷನ್ನಿನ ಮೇಲೆ ತುಳಿದೂ ತುಳಿದೂ ನನ್ನ ಕಾಲು ಮಲಗಿದಾಗಲೂ ಅಲ್ಲಾಡುತ್ತಿರುತ್ತದೆ. "ಫೋನ್ ಮಾಡಬಾರದಾ ಅಕ್ಕ" ಅಂತ ನೀನು ಕೇಳುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ನಿನಗೆ ಆ ಸೌಕರ್ಯ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಊರ ಸುದ್ದಿ. ಪಂಕ್ಚರ್ ಮಾಮ ಅಂಗಡಿಗೆ ಹೊಸ ಗಾಳಿ ಯಂತ್ರ ತಂದಿದ್ದಾನೆ. ಅದರ ಸದ್ದಿಗೆ ಎದುರುಮನೆ ಅಜ್ಜಿಗೆ ಮತ್ತೆ ಕಿವಿ ಕೇಳಿಸತೊಡಗಿದೆ ಅಂತ ತಾನೇ ಸಾರಿಕೊಂಡು ತಿರುಗುತ್ತಾನೆ. ನರ್ಸಮ್ಮನ ಮಂಡಿನೋವು ಹಾಗೇ ಇದೆ. ಊರವರ ಮಂಡಿಗೆಲ್ಲ ಪಟ್ಟಿ ಕಟ್ಟುವವಳು, ತನ್ನ ಮಂಡಿಯ ಮಾತು ಬಂದರೆ "ಅದೊಂದು ನನ್ನ ಮಾತೇ ಕೇಳಲ್ಲ ಕಣೆ" ಅನ್ನುತ್ತಾಳೆ. ನಾವು ಮೂವರೂ ಇನ್ನೂ ಸಂಘವನ್ನು ಎಳೆಯುತ್ತಲೇ ಇದ್ದೇವೆ. ಸಂಬಳ ಇಲ್ಲದ ಕೆಲಸಕ್ಕೆ ನಿವೃತ್ತಿಯೂ ಇಲ್ಲ ನೋಡು.

ಈಗ ನಿನ್ನ ಕಾಗದದ ವಿಷಯ. ನೀನು ಯುವಕ ಸಂಘಗಳ ಒಕ್ಕೂಟದ ಸಂಚಾಲಕಿ ಆದೆ ಅಂತ ಕೇಳಿದ ದಿನ ನಾನು ಬೀದಿಯ ಮಕ್ಕಳಿಗೆಲ್ಲ ಮಿಠಾಯಿ ಹಂಚಿದವಳು. ಆ ಸಂತೋಷ ಇನ್ನೂ ಇದೆ, ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ 'ಒಂದು ಸಂಘ, ಒಂದು ಚಟುವಟಿಕೆ' ಅನ್ನುವ ನಿನ್ನ ಈ ಹೊಸ ಯೋಜನೆ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಪ್ರತಿ ಸಂಘವೂ ಒಂದೇ ಒಂದನ್ನು ಆರಿಸಿಕೊಳ್ಳಬೇಕು, ನಮ್ಮೂರಿಗೆ ವಾಲಿಬಾಲ್ ಸರಿ, ಬರುವ ಶುಕ್ರವಾರ ಒಕ್ಕೂಟದವರು ಪರಿಶೀಲನೆಗೆ ಬರುತ್ತಾರೆ, ಅವರಿಗೆ ಒಪ್ಪಿಗೆಯಾಗದಿದ್ದರೆ ಶೆಡ್ಡನ್ನು ವಾಪಸ್ ಪಡೆಯುತ್ತಾರೆ ಅಂತ ಬರೆದಿದ್ದೀಯ. ಹಳೇ ಹಾಲಿನ ಡೈರಿಯ ಶೆಡ್ಡು, ಮೋಡ ಕವಿದ ದಿನ ಈಗಲೂ ಗೋಡೆಯಿಂದ ಹುಳಿ ಹಾಲಿನ ವಾಸನೆ ಬರುತ್ತದೆ. ಒಕ್ಕೂಟದ ಆಸ್ತಿ ಹೌದು. ಆದರೆ ಅದರ ಒಂದೊಂದು ಹೆಂಚನ್ನೂ ನಾವೇ ಏರಿ ಸರಿಮಾಡಿದ್ದು. "ಎಲ್ಲಾ ಸ್ವಲ್ಪ ಸ್ವಲ್ಪ ಕಲಿತರೆ ಯಾವುದರಲ್ಲೂ ಗೆಲ್ಲಲ್ಲ ಅಕ್ಕ" ಅಂತ ನಿನ್ನ ಬುದ್ಧಿವಾದ ಬೇರೆ.

ನೀನು ಊಟ ಮಾಡಲ್ಲ ಅಂತ ಹಟ ಹಿಡಿದಾಗ ನಾನು ಹೇಳುತ್ತಿದ್ದ ನಾಯಿಯ ಕಥೆ ನೆನಪಿದೆಯಾ? ಒಂದೂರಲ್ಲಿ ಒಬ್ಬ ಶ್ರೀಮಂತ. ಅವನಿಗೆ ಒಂದು ನಾಯಿ. ಬೇರೇನೂ ಕಲಿಸದೆ, ಕಳ್ಳನನ್ನು ಕಂಡರೆ ಬೊಗಳುವುದನ್ನು ಮಾತ್ರ ಕಲಿಸಿದ. ಸೀಮೆಗೆಲ್ಲ ಅಂಥ ನಾಯಿ ಇಲ್ಲ ಅಂತ ಹೆಸರಾಯಿತು. ಒಂದು ದಿನ ಮನೆಗೆ ಬೆಂಕಿ ಬಿತ್ತು. ನಾಯಿ ಬಾಗಿಲಲ್ಲಿ ನೆಟ್ಟಗೆ ಕೂತು ನೋಡುತ್ತಿತ್ತು. ಶ್ರೀಮಂತ ಮೀಸೆ ಸುಟ್ಟುಕೊಂಡು ಹೊರಗೆ ಓಡಿಬಂದು "ಯಾಕೋ ಬೊಗಳಲಿಲ್ಲ?" ಅಂದ. "ಬಂದದ್ದು ಕಳ್ಳ ಅಲ್ಲವಲ್ಲ ದಣಿ" ಅಂದಿತು ನಾಯಿ. ಆಗ ನೀನು ಬಾಯಿತುಂಬ ತುತ್ತು ಇಟ್ಟುಕೊಂಡೇ ನಗುತ್ತಿದ್ದೆ.

ನಮ್ಮ ಮೊಳೆಗಳ ವಿಷಯ ನೀನು ಮರೆತಿಲ್ಲ ಅಂತ ನಂಬುತ್ತೇನೆ. ಆದರೂ ಬರೆಯುತ್ತೇನೆ, ನಿನ್ನ ಆಫೀಸಿನವರಿಗೆ ಓದಿ ಹೇಳು. ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಸಾಲಾಗಿ ಮೊಳೆ. ಸಂಘಕ್ಕೆ ಸೇರಿದ ಹುಡುಗ ಹುಡುಗಿ ಪ್ರತಿಯೊಬ್ಬರೂ ತಮ್ಮದೊಂದು ಸಾಮಾನನ್ನು ಅಲ್ಲಿ ನೇತುಹಾಕಬೇಕು. ಸೈಕಲ್ ಬೆಲ್ಲು, ಒಡೆದ ಕನ್ನಡಕ, ಟೋಪಿ, ಏನಾದರೂ ಸರಿ. ಬಾಗಿಲ ಕಡೆಯ ಮೊದಲ ಮೊಳೆಯಲ್ಲಿ ಯಾರ ಸಾಮಾನು ಇದೆಯೋ ಮುಂದಿನ ಶುಕ್ರವಾರದ ಸಂಜೆ ಅವರದು. ಅವರು ಏನು ಕೇಳುತ್ತಾರೋ ಅದನ್ನು ಎಲ್ಲರೂ ಮಾಡಬೇಕು, ನಾವು ಹಿರಿಯರೂ ಸೇರಿ. ಮಾಡಿ ಮುಗಿಸಿದ ಮೇಲೆ ಬೇಕಾದಷ್ಟು ನಗಬಹುದು, ಮುಂಚೆ ನಗುವ ಹಾಗಿಲ್ಲ. ಆಮೇಲೆ ಆ ಸಾಮಾನು ಸಾಲಿನ ಕೊನೆಗೆ ಹೋಗುತ್ತದೆ. ಸರದಿಯನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ, ಯಾರೂ ಬಿಟ್ಟುಕೊಡುವಂತೆಯೂ ಇಲ್ಲ.

ಈ ಒಂದು ವರ್ಷದಿಂದ ಏನೇನು ಕೇಳಿದರು ಗೊತ್ತಾ? ಒಬ್ಬಳು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸುವುದನ್ನು ಕೇಳಿದಳು. ನಾನು ಓಡಿಸಿದೆ, ಹಾಲಿನ ಕ್ಯಾನಿಡುವ ಕಟ್ಟೆಯ ಒಂದು ಮೂಲೆ ಈಗ ಇಲ್ಲ. ಮಿಲ್ಲಿನವನ ಮಗ ಕೂಸಿಗೆ ಸ್ನಾನ ಮಾಡಿಸುವುದನ್ನು ಕೇಳಿದ, ಅವನ ಮನೆಯಲ್ಲಿ ತಂಗಿ ಹುಟ್ಟಿದ್ದಳು. ನರ್ಸಮ್ಮ ಒಂದು ಗೊಂಬೆ ತಂದಳು. ಅಷ್ಟು ದೊಡ್ಡ ದೊಡ್ಡ ಹುಡುಗರು ಗೊಂಬೆಯ ಕಿವಿಗೆ ನೀರು ಹೋಯಿತು ಅಂತ ಬೆವರಿದ್ದನ್ನು ನೀನು ನೋಡಬೇಕಿತ್ತು. ಅಂಗಿಗೆ ಇಸ್ತ್ರಿ, ಹಗ್ಗ ಜಗ್ಗಾಟ, ಕುರಿಯ ತೂಕವನ್ನು ಕಣ್ಣಲ್ಲೇ ಅಂದಾಜು ಮಾಡುವುದು, ಬಾಗಿದ ಮೊಳೆಯನ್ನು ಮುರಿಯದೆ ಕೀಳುವುದು. ಸ್ಮಶಾನದಲ್ಲಿ ಗುಂಡಿ ತೋಡುವವನ ಮಗ ಇದ್ದಾನಲ್ಲ, ಅವನ ಸರದಿ ಬಂದಾಗ "ಎಲ್ಲರೂ ಗುಂಡಿ ತೋಡಬೇಕು" ಅಂದ. ತೋಡಿದೆವು. ಆಳು ಉದ್ದ ಇಳಿಯುವ ಹೊತ್ತಿಗೆ ಅಂಗೈಯೆಲ್ಲ ಬೊಬ್ಬೆ. ಆ ಗುಂಡಿಯಲ್ಲಿ ಬೇವಿನ ಸಸಿ ನೆಟ್ಟೆವು. ಅವತ್ತಿನಿಂದ ಅವನನ್ನು ಯಾರೂ ಆಡಿಕೊಂಡಿಲ್ಲ.

ಮತ್ತೆ ನೀನು? ತೊದಲುತ್ತಿದ್ದ ಪುಟ್ಟ ಹುಡುಗಿ, ನಿನ್ನ ಮೊದಲ ಸರದಿಗೆ ನನ್ನ ಕಿವಿಯಲ್ಲಿ ಕೇಳಿದ್ದು ಏನು? "ಎಲ್ರೂ ಡಬ್ಬದ ಮೇಲೆ ನಿಂತು ಮಾ-ಮಾತಾಡ್ಲಿ." ಒಬ್ಬಳೇ ನಿಲ್ಲಲು ಹೆದರಿಕೆ, ಅದಕ್ಕೆ ಎಲ್ಲರನ್ನೂ ಹತ್ತಿಸಿದೆ. ಪಂಕ್ಚರ್ ಮಾಮ ಅವತ್ತು ಡಬ್ಬದ ಮೇಲೆ ನಿಂತು ನಿನಗಿಂತ ಹೆಚ್ಚು ತೊದಲಿದ. ಬೇಕಂತಲೇ ತೊದಲಿದನೋ, ನಿಜವಾಗಿಯೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಇವತ್ತು ನೀನು ಮೈಕಿನ ಮುಂದೆ ನಿಂತು 'ಒಂದು ಸಂಘ, ಒಂದು ಚಟುವಟಿಕೆ' ಅನ್ನುತ್ತಿರುವ ಆ ನಾಲಿಗೆ ಆ ಡಬ್ಬದ ಮೇಲೆ ತಿರುಗಿದ್ದು, ಗುಬ್ಬಿ.

ನಿನ್ನ ಕೆಂಪು ರಿಬ್ಬನ್ ಇನ್ನೂ ಸಾಲಿನಲ್ಲಿದೆ. ಅದು ಮೊದಲ ಮೊಳೆಗೆ ಬಂದಾಗಲೆಲ್ಲ "ಅವಳು ಊರಲ್ಲಿಲ್ಲ" ಅಂತ ನಾನೇ ಕೊನೆಗೆ ಒಯ್ದು ಹಾಕುತ್ತೇನೆ. ನಮ್ಮ ಸಂಘದಲ್ಲಿ ನಡೆಯುವ ಮೋಸ ಅದೊಂದೇ.

ಬರುವ ಶುಕ್ರವಾರದ ಸರದಿ ಬಂದೆಮ್ಮನದು. ನೀನು ಅವಳನ್ನು ನೋಡಿಲ್ಲ. ಶೆಡ್ಡಿನ ಪಕ್ಕದ ಚಹಾ ಅಂಗಡಿಯವನ ಸೋದರಸೊಸೆ. ಲೋಟ ತೊಳೆಯುವುದು ಅವಳು, ನೀರು ತರುವುದು ಅವಳು, ಮನೆಯಲ್ಲಿ ಚಿಕ್ಕ ತಮ್ಮಂದಿರನ್ನು ನೋಡಿಕೊಳ್ಳುವುದೂ ಅವಳೇ. ಯಾರು ಎಲ್ಲಿಂದ ಕೂಗಿದರೂ "ಬಂದೆ, ಬಂದೆ" ಅಂತ ಓಡುತ್ತಾಳೆ. ಅದಕ್ಕೇ ಆ ಹೆಸರು. ಅವಳ ಸಾಮಾನು ಸವೆದ ಪಾತ್ರೆ ಉಜ್ಜುವ ನಾರು. ಮೊನ್ನೆ "ಏನು ಬೇಕಮ್ಮ?" ಅಂತ ಕೇಳಿದರೆ ಕಾಲಬೆರಳು ನೋಡಿಕೊಂಡು ಹೇಳಿದಳು: "ಸುಮ್ನೆ ಕೂತ್ಕೊಳ್ಳೋದು."

"ಕೂತ್ಕೊಂಡು?"

"ಕೂತ್ಕೊಂಡು ಏನೂ ಇಲ್ಲ. ಸುಮ್ನೆ."

ನಮ್ಮ ವಾಲಿಬಾಲ್ ಹುಡುಗ ಕಂಬ, ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬರುವಷ್ಟು ಉದ್ದದವನು, ಎದ್ದು ನಿಂತ. "ಅಕ್ಕ, ಅವತ್ತೇ ಪರಿಶೀಲನೆ. ಅವರ ಮುಂದೆ ಸುಮ್ನೆ ಕೂತ್ರೆ ಶೆಡ್ ಹೋಗುತ್ತೆ. ಇವಳದು ಒಂದು ವಾರ ಮುಂದಕ್ಕೆ ಹಾಕಿ, ವಾಲಿಬಾಲ್ ತೋರಿಸೋಣ." ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಅಷ್ಟರಲ್ಲಿ ಬಂದೆಮ್ಮ ತಾನೇ ನಾರನ್ನು ಮೊಳೆಯಿಂದ ತೆಗೆಯಲು ಕೈಹಾಕಿ, "ಪರವಾಗಿಲ್ಲ ಅಕ್ಕ, ನಂದು ಆಮೇಲೆ ಆಗ್ಲಿ" ಅಂದಳು.

ಆ "ಪರವಾಗಿಲ್ಲ" ನನಗೆ ಸಾಕಾಯಿತು. ಹುಟ್ಟಿದಾಗಿನಿಂದ ಅವಳದು ಆಮೇಲೆಯೇ ಆಗುತ್ತಾ ಬಂದಿದೆ. "ಮುಟ್ಟಬೇಡ ಅದನ್ನ" ಅಂದೆ. ಹಾಗಾಗಿ, ಗುಬ್ಬಿ, ನಿನ್ನ ಜನ ಬರಲಿ. ಸರದಿ ಬದಲಾಗುವುದಿಲ್ಲ. ಅವರು ಬಂದಾಗ ನಾವು ಸುಮ್ಮನೆ ಕೂತಿರುತ್ತೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ

ಫೆಬ್ರವರಿ 16, ಭಾನುವಾರ

ಪ್ರೀತಿಯ ಗುಬ್ಬಿ,

ಈ ಸಲ ತಡ ಮಾಡಿಲ್ಲ ನೋಡು. ನಿನ್ನ ಫೋನು ಬಂದದ್ದು ಗೊತ್ತಾಯಿತು, ಬೇಕಂತಲೇ ತೆಗೆಯಲಿಲ್ಲ. ನಿನ್ನವರು ಬರೆದ ವರದಿ ಇಷ್ಟು ಹೊತ್ತಿಗೆ ನಿನ್ನ ಮೇಜಿನ ಮೇಲಿರುತ್ತದೆ. ನಾನು ಕಂಡದ್ದನ್ನೂ ಅದರ ಪಕ್ಕ ಇಟ್ಟುಕೋ.

ಶುಕ್ರವಾರ ಸಂಜೆ ನಾವು ಚಾಪೆ ಹಾಸಿದೆವು. ಫೋನುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಪಂಕ್ಚರ್ ಮಾಮ ಅದರ ಮೇಲೆ ಕೂತ. ಡೈರಿಯ ಹಳೇ ಗಂಟೆ ಹೊಡೆದೆ. ಇನ್ನೊಂದು ಸಲ ಗಂಟೆ ಹೊಡೆಯುವವರೆಗೆ ಕೂರುವುದು, ಅಷ್ಟೇ. ಗೋಡೆಗೆ ಒರಗಬಹುದು, ಕಾಲು ಚಾಚಬಹುದು. ಮಾತಿಲ್ಲ, ಕೆಲಸವಿಲ್ಲ.

ಸುಮ್ಮನೆ ಕೂರುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಟ್ರೇಲರ್ ಹಿಂದಕ್ಕೆ ಓಡಿಸುವುದೇ ವಾಸಿ. ನನ್ನ ಕಾಲು ಮಿಷನ್ ತುಳಿಯತೊಡಗಿತು, ನರ್ಸಮ್ಮ ತನ್ನ ಕೈ ನನ್ನ ಮಂಡಿಯ ಮೇಲಿಟ್ಟು ಅದುಮಿದಳು. ಮಿಲ್ಲಿನವನ ಮಗ ಸೂರಿನ ಹೆಂಚು ಎಣಿಸುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಬಂದೆಮ್ಮ ಗೋಡೆಯ ಸಾಲಿನ ನಡುವೆ ಕೂತಿದ್ದಳು. ಕೂತಿದ್ದಳು ಅನ್ನುವುದಕ್ಕಿಂತ ಏಳಲು ತಯಾರಾಗಿದ್ದಳು ಅನ್ನಬೇಕು, ಒಂದು ಮಂಡಿ ಮೇಲೇ ಇತ್ತು.

ಆಗ ನಿನ್ನವರು ಬಂದರು. ಕೋಟು ಹಾಕಿದ ಒಬ್ಬ ಹಿರಿಯರು, ಕೈಯಲ್ಲಿ ಟ್ಯಾಬ್ ಹಿಡಿದ ಒಬ್ಬ ಹುಡುಗಿ. ನಾನು ಎದ್ದು ಬಾಗಿಲಿಗೆ ಹೋದೆ. ಮನೆಗೆ ಬಂದವರನ್ನು ಕರೆಯಲು ಎದ್ದರೆ ತಪ್ಪಿಲ್ಲ ಅಂತ ಬಂದೆಮ್ಮ ಮೊದಲೇ ಒಪ್ಪಿದ್ದಳು.

"ಕಾರ್ಯಕ್ರಮ ಎಷ್ಟು ಹೊತ್ತಿಗೆ ಶುರು?" ಅಂದರು ಕೋಟಿನವರು.

"ನಡೀತಾ ಇದೆ" ಅಂದೆ.

ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು. "ಏನು ನಡೀತಾ ಇದೆ?"

"ಕೂತಿದ್ದೀವಿ."

"ಕೂತು?"

"ಅಷ್ಟೇ ಸ್ವಾಮಿ. ಬನ್ನಿ, ನೀವೂ ಕೂತ್ಕೊಳ್ಳಿ. ಬಾಗಿಲು ದಾಟಿದವರೆಲ್ಲ ಮಾಡಬೇಕು, ಇಲ್ಲಿನ ಪದ್ಧತಿ ಹಾಗೆ."

"ನಮಗೆ ಇನ್ನೂ ಎರಡು ಊರು ನೋಡೋದಿದೆಯಮ್ಮ. ಆ ವಾಲಿಬಾಲ್ ಹುಡುಗರನ್ನ ಹತ್ತು ನಿಮಿಷ ಆಡಿಸಿಬಿಡಿ, ನಾವು ಹೊರಡ್ತೀವಿ."

ಹೂಂ ಅಂದಿದ್ದರೆ ಶೆಡ್ಡು ಉಳಿಯುತ್ತಿತ್ತು. ಚೆಂಡು ಅಲ್ಲೇ ಮೂಲೆಯಲ್ಲಿತ್ತು. ಕಂಬ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಂದೆಮ್ಮನ ಮುಖ ನೋಡಿದೆ. ಅವಳ ಇನ್ನೊಂದು ಮಂಡಿಯೂ ಮೇಲೇಳುತ್ತಿತ್ತು, "ಪರವಾಗಿಲ್ಲ" ಅನ್ನಲು ಬಾಯಿ ತೆರೆಯುವುದರಲ್ಲಿದ್ದಳು. "ಇವತ್ತು ಈ ಹುಡುಗಿ ಸರದಿ ಸ್ವಾಮಿ. ಅದು ಮುಗಿಯೋ ತನಕ ರಾಜ ಬಂದ್ರೂ ಚೆಂಡು ಏಳಲ್ಲ" ಅಂದೆ.

ಕೋಟಿನವರಿಗೆ ಸಿಟ್ಟು ಬಂತು. ಆದರೆ ಟ್ಯಾಬಿನ ಹುಡುಗಿ ಆಗಲೇ ಚಪ್ಪಲಿ ಕಳಚಿ ಒಳಗೆ ನಡೆದಿದ್ದಳು. ಟ್ಯಾಬನ್ನು ಮಾಮನ ಡಬ್ಬದ ಪಕ್ಕ ಇಟ್ಟು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಬಿಟ್ಟಳು. ಬೆಳಗಿನಿಂದ ಊರೂರು ಸುತ್ತಿದ ಮುಖ ಅದು. ಕೋಟಿನವರು ಒಬ್ಬರೇ ಬಾಗಿಲಲ್ಲಿ ನಿಂತು ಏನು ಮಾಡುತ್ತಾರೆ? ಮೂಲೆಯ ಕುರ್ಚಿಯಲ್ಲಿ ಕೂತರು.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಸೋದರಮಾವನ ಕೂಗು. "ಏಯ್! ಲೋಟ ಎಲ್ಲಿ?"

"ಬಂ..." ಅಂತ ಎದ್ದೇಬಿಟ್ಟಳು ಬಂದೆಮ್ಮ. ಪಕ್ಕದಲ್ಲಿದ್ದ ಗುಂಡಿ ತೋಡುವವನ ಮಗ ಅವಳ ದಾವಣಿಯ ಸೆರಗನ್ನು ಚಾಪೆಗೆ ಒತ್ತಿ ಹಿಡಿದ. ಮಾತಾಡುವಂತಿಲ್ಲವಲ್ಲ, ಕಣ್ಣಲ್ಲೇ ಬೇಡ ಅಂದ. ಅವಳು ಕೂತಳು. ಮಾವ ಮತ್ತೆ ಕೂಗಿದ, ಆಮೇಲೆ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೇ ಬಂದ. "ಏನೇ, ಕರೆದ್ರೆ ಕೇಳ್ಸಲ್ವಾ? ಇಲ್ಲಿ ಕೂತು ಮೊಟ್ಟೆ ಇಡ್ತಿದೀಯಾ?" ಬಾಗಿಲ ಹತ್ತಿರ ಇದ್ದವನು ಕಂಬ. ಮೊನ್ನೆಯೆಲ್ಲ "ಮುಂದಕ್ಕೆ ಹಾಕಿ" ಅಂತ ವಾದಿಸಿದವನು. ಕೂತಲ್ಲಿಂದ ಅಲ್ಲಾಡದೆ, ಆ ಉದ್ದ ಕಾಲನ್ನು ನಿಧಾನವಾಗಿ ಚಾಚಿ, ಹೆಬ್ಬೆರಳಿಂದ ಬಾಗಿಲನ್ನು ತಳ್ಳಿದ. ಬಾಗಿಲು ಮಾವನ ಮೂಗಿನ ಮುಂದೆ ಮೆಲ್ಲಗೆ ಮುಚ್ಚಿಕೊಂಡಿತು. ಆ ಕಾಲಿಗೆ ಚಿನ್ನದ ಉಂಗುರ ಹಾಕಬೇಕು ಅನ್ನಿಸಿತು ನನಗೆ.

ಅಲ್ಲಿಂದಾಚೆ ಬಂದೆಮ್ಮನ ಮಂಡಿ ಕೆಳಗೆ ಬಂತು. ಬೆನ್ನು ಗೋಡೆಗೆ ತಾಗಿತು. ಕೈ ಎರಡೂ ಮಡಿಲಲ್ಲಿ ಅಂಗಾತ ಬಿದ್ದವು. ಕೋಟಿನವರು ನಿದ್ದೆ ಹೋಗಿ ಗೊರಕೆ ಹೊಡೆದರು. ಒಬ್ಬರೂ ನಗಲಿಲ್ಲ. ಮುಗಿಯುವ ಮುಂಚೆ ನಗುವಂತಿಲ್ಲವಲ್ಲ. ಆದರೆ ಶೆಡ್ಡಿಗೆ ಶೆಡ್ಡೇ ನಗು ತಡೆದುಕೊಂಡು ನಡುಗುತ್ತಿತ್ತು. ಗಂಟೆ ಹೊಡೆದಾಗ ಬಿದ್ದ ನಗೆ ಇದೆಯಲ್ಲ, ಸೂರಿನ ಪಾರಿವಾಳಗಳೆಲ್ಲ ಎದ್ದು ಹೋದವು. ಕೋಟಿನವರೂ ಎದ್ದರು.

ಮುಗಿದ ಮೇಲೆ ಸರದಿಯವರು ಒಂದು ಮಾತು ಹೇಳಬೇಕು, ಅದೂ ಇಲ್ಲಿನ ಪದ್ಧತಿ. ಬಂದೆಮ್ಮ ಎದ್ದು ನಿಂತು, ಮತ್ತೆ ನೆನಪಾಗಿ ಕೂತುಕೊಂಡೇ ಹೇಳಿದಳು: "ನನ್ನ ಕಾಲು ನೋಯುತ್ತೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು."

ಅಷ್ಟೇ. ಆ ನಗೆಯೆಲ್ಲ ಎಲ್ಲಿ ಹೋಯಿತೋ. ನರ್ಸಮ್ಮ ಎಣ್ಣೆ ತರಲು ಹೋದಳು.

ಹೊರಡುವಾಗ ಕೋಟಿನವರು ನನ್ನನ್ನು ಪಕ್ಕಕ್ಕೆ ಕರೆದರು. "ಇದನ್ನ ನಾನು ಏನಂತ ಬರೀಲಿ ತಾಯಿ? ಚಟುವಟಿಕೆ ಅನ್ನೋ ಜಾಗದಲ್ಲಿ?"

"ಕೂತಿದ್ರು ಅಂತ ಬರೀರಿ. ನೀವೂ ಕೂತಿದ್ರಿ ಅಂತಾನೂ ಬರೀರಿ."

"ಗೊರಕೆ?"

"ಅದು ಬೇಡ, ಅದು ನಮ್ಮ ನಿಮ್ಮಲ್ಲೇ ಇರ್ಲಿ" ಅಂದೆ. ಮನುಷ್ಯ ಕೆಟ್ಟವರಲ್ಲ, ನಕ್ಕರು. ಆದರೆ 'ಯಾವುದೇ ಚಟುವಟಿಕೆ ಇಲ್ಲ' ಅಂತಲೇ ಬರೆದಿರುತ್ತಾರೆ. ನಿನ್ನ ಯೋಜನೆಯಲ್ಲಿ ಬೇರೆ ಬರೆಯಲು ಜಾಗವೇ ಇಲ್ಲವಲ್ಲ.

ಈಗ ನಿನ್ನ ಕೈಯಲ್ಲಿದೆ ಗುಬ್ಬಿ. ಶೆಡ್ಡು ಇರಲಿ ಅಂದರೂ ಸರಿ, ಬೀಗ ಹಾಕಿ ಅಂದರೂ ಸರಿ. ಬೇಡಿಕೊಳ್ಳುವುದಿಲ್ಲ. ಒಂದೇ ಮಾತು. ತೀರ್ಮಾನ ಮಾಡುವ ಮುಂಚೆ ನೀನೂ ಒಂದು ಗಳಿಗೆ ಸುಮ್ಮನೆ ಕೂತು ನೋಡು. ನಿನ್ನ ಕಾಲೂ ನೋಯುತ್ತಿರಬಹುದು.

ಚೆನ್ನಾಗಿ ನಿದ್ದೆ ಮಾಡು. ನಿನ್ನ ಕೆಲಸಕ್ಕೆ ಯಾರ ಕಣ್ಣೂ ತಾಗದಿರಲಿ.

ನಿನ್ನ ಅಕ್ಕ

ಮಾರ್ಚ್ 16, ಭಾನುವಾರ

ಪ್ರೀತಿಯ ಗುಬ್ಬಿ,

ಒಂದು ತಿಂಗಳು ಕಾಗದ ಹಾಕಲಿಲ್ಲ. ಈ ಸಲ ಹೊಲಿಗೆಯ ನೆಪ ಹೇಳುವುದಿಲ್ಲ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕಿದೆ. ಈಗ ಬೈಗುಳ ಮುಗಿದಿದೆ. ಸುದ್ದಿ ಮಾತ್ರ ಉಳಿದಿದೆ.

ಬೀಗ ಬಂತು. ಹೋದ ತಿಂಗಳ ಕೊನೆಯ ಮಂಗಳವಾರ ಮಧ್ಯಾಹ್ನ ಒಬ್ಬ ಹುಡುಗ ಒಂದು ಕೈಯಲ್ಲಿ ನಿನ್ನ ಆದೇಶ, ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ಗಾತ್ರದ ಬೀಗ ಹಿಡಿದು, ಬಿಸಿಲಲ್ಲಿ ನಡೆದುಕೊಂಡು ಬಂದ. ಬೆವರಿ ನೀರಾಗಿದ್ದ. ಬೀಗ ಹಾಕಲು ಬಂದವನಾದರೂ ಯಾರದೋ ತಾಯಿಯ ಮಗ ತಾನೇ? ಮೊದಲು ನೀರು ಕೊಟ್ಟೆ. ಪಂಕ್ಚರ್ ಮಾಮ ಅವನ ಕೈಯಿಂದ ಬೀಗ ಇಸಿದುಕೊಂಡು ತೂಗಿ ನೋಡಿ, "ಇದಕ್ಕೆ ಎಣ್ಣೆ ಬಿಟ್ಟಿಲ್ಲವಲ್ಲಪ್ಪ, ನಾಳೆ ತೆಗೆಯೋಕೆ ನಿಮಗೇ ಬರಲ್ಲ. ಕೂತ್ಕೋ, ಎಣ್ಣೆ ಬಿಟ್ಟು ಕೊಡ್ತೀನಿ. ನಿಧಾನಕ್ಕೆ ಬಿಡಬೇಕು" ಅಂತ ಅಂಗಡಿಯ ಮುಂದೆ ಕೂರಿಸಿಕೊಂಡ. ಅಷ್ಟರಲ್ಲಿ ಶಾಲೆ ಬಿಟ್ಟಿತ್ತು.

ಹುಡುಗರು ಹುಡುಗಿಯರು ಬಂದವರೇ ಗೋಡೆಯ ಹಲಗೆಗೆ ಕೈ ಹಾಕಿದರು. ಗೋಡೆಗೆ ಹೊಡೆದ ದೊಡ್ಡ ಮೊಳೆಗಳು ತುಕ್ಕು ಹಿಡಿದು ಬಾಗಿದ್ದವು. ಬಾಗಿದ ಮೊಳೆ ಕೀಳುವುದನ್ನು ಒಂದು ಶುಕ್ರವಾರ ಕಲಿತಿದ್ದೆವು ಅಂತ ಬರೆದಿದ್ದೆನಲ್ಲ? ಒಂದೂ ಮುರಿಯಲಿಲ್ಲ. ಹಲಗೆ ಭಾರ, ಸಾಮಾನುಗಳೆಲ್ಲ ನೇತಾಡುತ್ತಲೇ ಇದ್ದವು. ಒಂದು ತುದಿ ಕಂಬ ಹಿಡಿದ. ಇನ್ನೊಂದು ತುದಿ ಹಿಡಿಯಲು ಅಷ್ಟು ಎತ್ತರದವರು ಇಲ್ಲ, ಹಲಗೆ ವಾಲುತ್ತಿತ್ತು. ಬೀಗದ ಹುಡುಗ ನೋಡುವಷ್ಟು ನೋಡಿದ, ಆಮೇಲೆ ಎದ್ದು ಬಂದು ತಾನೇ ಹೆಗಲು ಕೊಟ್ಟ. "ಆದೇಶದಲ್ಲಿ ಶೆಡ್ ಅಂತ ಇದೆ, ಹಲಗೆ ಅಂತ ಇಲ್ಲ" ಅಂದ. ಚೆಂಡು, ಹಗ್ಗ, ಗೊಂಬೆ, ಡೈರಿಯ ಗಂಟೆ, ನೀನು ಹತ್ತಿ ನಿಂತ ಡಬ್ಬ, ಎಲ್ಲ ಹೊರಗೆ ಬಂತು. ಕೊನೆಗೆ ಅವನು ಬೀಗ ಹಾಕಿದ. ಮಾಮ ಎಣ್ಣೆ ಬಿಟ್ಟಿದ್ದ ಕಾರಣ ಸದ್ದೇ ಆಗಲಿಲ್ಲ.

ನಿನಗೆ ಖುಷಿಯಾಗುವ ಸುದ್ದಿಯನ್ನೂ ಬರೆಯಬೇಕಲ್ಲ. ಮೂವರು ಹುಡುಗರು ನಮ್ಮನ್ನು ಬಿಟ್ಟು ಒಕ್ಕೂಟದ ತಂಡಕ್ಕೆ ಹೋದರು. ಚೆನ್ನಾಗಿ ಆಡುತ್ತಾರೆ, ಗೆಲ್ಲುತ್ತಾರೆ, ಗೆಲ್ಲಲಿ. ಅವರ ಸಾಮಾನು ಮೊಳೆಯಲ್ಲೇ ಇದೆ. ಕಂಬನೂ ಅಲ್ಲಿಗೆ ಆಡಲು ಹೋಗುತ್ತಾನೆ, ಆದರೆ ಶುಕ್ರವಾರ ಮಾತ್ರ ಬರಲ್ಲ ಅಂತ ನಿನ್ನ ಕೋಚಿನ ಮುಖಕ್ಕೇ ಹೇಳಿದನಂತೆ. "ಶುಕ್ರವಾರ ಏನಪ್ಪ ನಿಂಗೆ ಅಂಥ ಕೆಲಸ?" ಅಂತ ಅವರು ಕೇಳಿದರೆ, "ಗೊತ್ತಿಲ್ಲ ಸಾರ್, ಅದು ಅದರ ಹಿಂದಿನ ಶುಕ್ರವಾರ ಗೊತ್ತಾಗುತ್ತೆ" ಅಂದನಂತೆ.

ಸಂಘ ಎಲ್ಲಿ ನಡೆಯುತ್ತಿದೆ ಅಂತ ಕೇಳು. ಹಲಗೆ ಎಲ್ಲಿದೆಯೋ ಅಲ್ಲಿ. ಯಾರ ಸರದಿಯೋ ಅವರ ಮನೆಗೆ, ಅಂಗಡಿಗೆ, ಹೊಲಕ್ಕೆ ಹಲಗೆಯನ್ನು ಟ್ರೇಲರಿನಲ್ಲಿ ಹಾಕಿಕೊಂಡು ಹೋಗುತ್ತೇವೆ. ಮೊದಲ ಶುಕ್ರವಾರ ಬಸ್ ನಿಲ್ದಾಣದಲ್ಲಿ ಕ್ಷೌರ ಕಲಿತೆವು. ಮಿಲ್ಲಿನವನ ಮಗ ನನ್ನ ಕೂದಲು ಕತ್ತರಿಸಿದ. ನಾನು ಈಗ ನೋಡಲು ಹೇಗಿದ್ದೇನೆ ಅಂತ ಬರೆಯುವುದಿಲ್ಲ. ಬಸ್ಸಿಗೆ ಕಾಯುತ್ತಿದ್ದ ಪಕ್ಕದೂರಿನ ಹುಡುಗಿಯರು ನಿಂತು ನೋಡಿದರು, ಬಸ್ಸು ತಪ್ಪಿಸಿಕೊಂಡರು, ಮುಂದಿನ ವಾರ ಹೇರ್‌ಪಿನ್ನು, ಚಾಕು, ಹಳೇ ಟಾರ್ಚು ಹಿಡಿದುಕೊಂಡು ಬಂದರು. ಹೊಸ ಮೊಳೆ ಹೊಡೆದು ಕೊಟ್ಟೆವು. ಒಂದು ಶುಕ್ರವಾರ ಸ್ಮಶಾನದ ಕಟ್ಟೆಯ ಮೇಲೆ ವಾದ ಮಾಡಿದೆವು, ವಿಷಯ 'ಹಿರಿಯರಿಗೆ ಬುದ್ಧಿ ಹೇಳಬಹುದೇ?' ನಾನು ಹೇಳಬಾರದು ಅನ್ನುವ ಪಕ್ಷ. ಸೋತೆ. ಸೋಲಿಸಿದವಳು ಬಂದೆಮ್ಮ.

ಅವಳ ಮಾವನ ಕಥೆ ಕೇಳು. ಬಾಗಿಲು ಮೂಗಿಗೆ ಮುಚ್ಚಿಕೊಂಡ ಮೇಲೆ ಆತ ನಮ್ಮ ಮೇಲೆ ಕತ್ತಿ ಮಸೆಯುತ್ತಿದ್ದ. ಹಲಗೆ ಇಡಲು ಜಾಗವಿಲ್ಲದೆ ಒಂದು ದಿನ ಅವನ ಅಂಗಡಿಯ ಗೋಡೆಗೆ ಒರಗಿಸಿದೆವು. ಗಿರಾಕಿಗಳೆಲ್ಲ ಬಂದು ಇದು ಯಾರದು, ಅದು ಯಾರದು ಅಂತ ಕೇಳತೊಡಗಿದರು. ಆತ ಎರಡು ದಿನ ಗೊಣಗಿದ, ಮೂರನೇ ದಿನ ತಾನೇ ವಿವರಿಸತೊಡಗಿದ. "ಈ ನಾರು ನಮ್ಮ ಹುಡುಗೀದು. ಅವತ್ತು ಎಲ್ಲರನ್ನೂ ಕೂರಿಸಿಬಿಟ್ಲು, ಆಫೀಸರನ್ನೂ!" ಈಗ ಲೋಟ ಬೇಕಾದರೆ ಎದ್ದು ತಾನೇ ತೆಗೆದುಕೊಳ್ಳುತ್ತಾನೆ ಅಂತ ಬರೆದರೆ ನೀನು ನಂಬುವುದಿಲ್ಲ. ನಿಜವೂ ಅಲ್ಲ. ಈಗಲೂ ಕೂಗುತ್ತಾನೆ. ಆದರೆ ಅವಳು "ಬಂದೆ" ಅನ್ನುವುದಿಲ್ಲ. "ಬರ್ತೀನಿ, ತಡಿ ಮಾವ" ಅನ್ನುತ್ತಾಳೆ.

ಶೆಡ್ಡನ್ನು ನೀವು ಏನು ಬೇಕಾದರೂ ಮಾಡಿಕೊಳ್ಳಿ. ವಾಲಿಬಾಲ್ ಅಂಕಣ ಮಾಡುತ್ತೀರಂತೆ, ಒಳ್ಳೆಯದು. ಒಂದು ದಿನ ಕಂಬನ ಸರದಿ ಬರುತ್ತದೆ, ಅವನು ವಾಲಿಬಾಲ್ ಕೇಳದೆ ಇರುವುದಿಲ್ಲ. ಆಗ ನಾನು, ಮಾಮ, ಮಂಡಿಯ ಸಮೇತ ನರ್ಸಮ್ಮ, ಎಲ್ಲರೂ ಆಡಲು ಬರುತ್ತೇವೆ. ಬಾಗಿಲು ತೆಗೆದಿಟ್ಟಿರಿ. ತೆಗೆಯದಿದ್ದರೆ, ಬೀಗ ರಿಪೇರಿಯನ್ನು ಒಂದು ಶುಕ್ರವಾರ ಯಾರಾದರೂ ಕೇಳುವಂತೆ ಮಾಡುವುದು ನನಗೆ ಕಷ್ಟವಲ್ಲ.

ಮೊನ್ನೆ ಶುಕ್ರವಾರ ಮುಗಿದ ಮೇಲೆ ನಿನ್ನ ಕೆಂಪು ರಿಬ್ಬನ್ ಮೊದಲ ಮೊಳೆಗೆ ಬಂತು. ವಾಡಿಕೆಯಂತೆ ಅದನ್ನು ತೆಗೆದು ಕೊನೆಗೆ ಹಾಕಲು ಹೋದೆ. ಬಂದೆಮ್ಮ ನನ್ನ ಕೈ ಹಿಡಿದಳು. "ಮುಟ್ಟಬೇಡಿ ಅಕ್ಕ. ಸರದಿ ಸರದಿನೇ." ನನ್ನ ಮಾತು ನನಗೇ ತಿರುಗಿ ಬಂತು. ಹಾಗಾಗಿ ಅದು ಅಲ್ಲೇ ಇದೆ. ಈ ಶುಕ್ರವಾರ ನಿನ್ನದು. ನೀನು ಏನು ಕೇಳುತ್ತೀಯೋ ಅದನ್ನೇ ಮಾಡುತ್ತೇವೆ. ನೀನು ಬಾರದಿದ್ದರೆ ಹಲಗೆಯ ಮುಂದೆ ಚಾಪೆ ಹಾಸಿ ಸುಮ್ಮನೆ ಕೂರುತ್ತೇವೆ. ಅದು ಈಗ ನಮಗೆ ಅಭ್ಯಾಸವಾಗಿದೆ.

ನಿನ್ನ ಮಾತು ಎಲ್ಲಿ ಹೋದರೂ ತೊದಲದಿರಲಿ, ನಿನ್ನ ಹೆಸರು ಬೆಳಗಲಿ. ನನ್ನ ಹಟ 'ಒಂದು ಸಂಘ, ಒಂದು ಚಟುವಟಿಕೆ'ಯ ಮೇಲೆ, ನಿನ್ನ ಮೇಲಲ್ಲ ಅಂತ ಬರೆಯಬೇಕು ಅಂದುಕೊಂಡಿದ್ದೆ. ಅದು ಪೂರಾ ನಿಜವಲ್ಲ, ಕೆಳಗೆ ನೋಡು.

ನಿನ್ನ ಅಕ್ಕ

ಇನ್ನೊಂದು ಮಾತು: ಬೀಗದ ಹುಡುಗ ನೀರು ಕುಡಿಯುವಾಗ, "ಪಾಪ, ಪಟ್ಟಣದಿಂದ ಇಲ್ಲಿವರೆಗೆ ನಡೆದೇ ಬಂದೆಯಾ?" ಅಂತ ಕೇಳಿದೆ. "ಇಲ್ಲಮ್ಮ, ಜೀಪಲ್ಲಿ ಬಂದೆ. ಸೇತುವೆ ಹತ್ರ ಇಳಿದೆ. ಮೇಡಂ ಜೀಪಲ್ಲೇ ಕೂತಿದಾರೆ, ಮುಂದಕ್ಕೆ ಬರಲ್ಲ ಅಂದ್ರು" ಅಂದ. ಇದನ್ನು ನಾನು ಮಕ್ಕಳಿಗೆ ಹೇಳಲಿಲ್ಲ. ಅಮ್ಮ ತೀರಿಕೊಂಡ ವರ್ಷ, ಮನೆಯಲ್ಲಿ ನಿನ್ನನ್ನು ನೋಡಿಕೊಳ್ಳುವವರಿಲ್ಲದೆ, ಪ್ರತಿ ಶುಕ್ರವಾರ ಆ ಸೇತುವೆಯಿಂದ ಆ ಶೆಡ್ಡಿನವರೆಗೆ ನಿನ್ನನ್ನು ಸೊಂಟದ ಮೇಲೆ ಹೊತ್ತು ತರುತ್ತಿದ್ದೆ. ದೂರ ಎಷ್ಟು ಅಂತ ನನಗೆ ಗೊತ್ತು. ನೀನು ನಮ್ಮ ಬಾಗಿಲಿಗೆ ಬೀಗ ಹಾಕಿಸಿದ್ದನ್ನು ನಾನು ಸಹಿಸಿಕೊಳ್ಳುತ್ತೇನೆ, ಅದರ ಮೇಲೆ ಜಗಳವನ್ನೂ ಆಡುತ್ತೇನೆ. ಆದರೆ ಬೀಗ ಹಾಕುವುದಕ್ಕಾದರೂ ನೀನೇ ಬರಬೇಕಿತ್ತು, ಗುಬ್ಬಿ.